ಜಾವಾ 8, 17, 21 ಒಂದೇ ಕಂಪ್ಯೂಟರ್‌ನಲ್ಲಿ: ವರ್ಶನ್ ಬದಲಿಸುವ ಸಮಗ್ರ ಮಾರ್ಗದರ್ಶಿ

"ಜಾವಾ 17 ಇನ್‌ಸ್ಟಾಲ್ ಮಾಡಿದ್ದೇನೆ, ಟರ್ಮಿನಲ್ ಮಾತ್ರ ಇನ್ನೂ 8 ಅಂತಲೇ ತೋರಿಸುತ್ತಿದೆ." ಈ ದೂರು ಮತ್ತೆ ಮತ್ತೆ ಬರುತ್ತದೆ. ಹೀಗಾದಾಗ ಹೆಚ್ಚಿನವರು ಇನ್ನೊಂದು ಸಲ ಇನ್‌ಸ್ಟಾಲ್ ಮಾಡುತ್ತಾರೆ. ಅದೂ ಕೈ ಕೊಟ್ಟರೆ ಎಲ್ಲವನ್ನೂ ಕಿತ್ತು ಹಾಕಿ ಮೊದಲಿನಿಂದ ಶುರು. ಅಷ್ಟೆಲ್ಲ ಬೇಕಿಲ್ಲ. ಒಂದೇ ಕಂಪ್ಯೂಟರ್‌ನಲ್ಲಿ ಹತ್ತು ಜಾವಾ ಇದ್ದರೂ ಅವು ಒಂದರ ತಂಟೆಗೆ ಒಂದು ಹೋಗುವುದಿಲ್ಲ. ಯಾವುದನ್ನು ಕರೆಯಬೇಕು ಅಂತ ತೀರ್ಮಾನಿಸುವವರು ಮೂವರಿದ್ದಾರೆ: ಟರ್ಮಿನಲ್, ಬಿಲ್ಡ್ ಟೂಲ್, ಎಡಿಟರ್. ಮೂವರೂ ಬೇರೆ ಬೇರೆ ಕಡೆ ನೋಡುತ್ತಾರೆ. ನೀವು ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಪರೀಕ್ಷೆ ಮಾಡಿದರೆ ಹಳೆಯದೇ ಕಾಣುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ವಿಂಡೋಸ್‌ನಲ್ಲೇ ಗೋಜಲು ಜಾಸ್ತಿ, ಹಾಗಾಗಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಬುಂಟು ಮತ್ತು ಮ್ಯಾಕ್‌ನವರು 1 ಮತ್ತು 2ನೇ ಹಂತ ಓದಿ ನೇರವಾಗಿ 8 ಅಥವಾ 9ಕ್ಕೆ ಹೋಗಬಹುದು.

ಕಮಾಂಡ್‌ಗಳ ಬಗ್ಗೆ ಒಂದು ಮಾತು. ಇಲ್ಲಿ ಅವನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲೇ ಹೊಡೆಯಿರಿ. ಜಾವಾ_ಹೋಮ್ ಅನ್ನುವ ವೇರಿಯಬಲ್‌ನ ಹೆಸರು ಮಾತ್ರ ಪೂರ್ತಿ ದೊಡ್ಡ ಅಕ್ಷರ, ನಡುವೆ ಅಂಡರ್‌ಸ್ಕೋರ್. ಡ್ಯಾಶ್, ಸ್ಲ್ಯಾಶ್, ಶೇಕಡಾ ಚಿಹ್ನೆಗಳನ್ನು ಇದ್ದ ಹಾಗೇ ಹಾಕಿ.

## ಶುರು ಮಾಡುವ ಮುಂಚೆ ಏನೇನು ಬೇಕು

ಕಂಪ್ಯೂಟರ್‌ನ ಅಡ್ಮಿನ್ ಹಕ್ಕು ಇದ್ದರೆ ಒಳ್ಳೆಯದು. ಕಾಲೇಜು ಲ್ಯಾಬ್ ಅಥವಾ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಂಥವರು 7ನೇ ಹಂತದ ದಾರಿ ಹಿಡಿಯಿರಿ.

ಯಾವ ಪ್ರಾಜೆಕ್ಟ್‌ಗೆ ಯಾವ ವರ್ಶನ್ ಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಸ್ಪ್ರಿಂಗ್ ಬೂಟ್ 3ಕ್ಕೆ ಕನಿಷ್ಠ 17 ಬೇಕು. ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8ಕ್ಕೂ 17 ಬೇಕು. ಹಳೇ ಕಂಪನಿ ಕೋಡ್ ಆದರೆ ಬಹುಪಾಲು 8. ದೀರ್ಘಕಾಲ ಬೆಂಬಲ ಇರುವ ವರ್ಶನ್‌ಗಳು 8, 11, 17, 21 ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಬಂದ 25. ಇವುಗಳ ಮಧ್ಯದ 19, 20, 22 ಎಲ್ಲ ನಿಮಗೆ ಬೇಕಾಗುವುದು ಅಪರೂಪ. ಸುಮ್ನೆ ಹಾಕಿ ಗುಡ್ಡೆ ಮಾಡಬೇಡಿ.

ಇನ್ನೊಂದು ವಿಷಯ. ಎಷ್ಟೋ ಸಲ ವರ್ಶನ್ ಬದಲಿಸುವ ಅಗತ್ಯವೇ ಇರುವುದಿಲ್ಲ. ಜೆಡಿಕೆ (ಕಂಪೈಲರ್ ಸಮೇತ ಬರುವ ಪೂರ್ತಿ ಜಾವಾ) 17 ಅಥವಾ 21 ಇಟ್ಟುಕೊಂಡೇ ಜಾವಾ 8ರಲ್ಲಿ ಓಡುವ ಕ್ಲಾಸ್ ಫೈಲ್ ಮಾಡಬಹುದು:

ಜಾವಾಸಿ --ರಿಲೀಸ್ 8 ಮೇನ್.ಜಾವಾ

21ರಲ್ಲಿ ಇದು ಹಳೆಯದಾಯಿತು ಅಂತ ಎಚ್ಚರಿಕೆ ಕೊಡುತ್ತದೆ, ಕೆಲಸ ಮಾತ್ರ ಮಾಡುತ್ತದೆ. ಪ್ರೋಗ್ರಾಮನ್ನು ನಿಜವಾಗಿ 8ರ ಮೇಲೆ ಓಡಿಸಿ ನೋಡಬೇಕಿದ್ದರೆ ಅಥವಾ ಹೊಸ ಜಾವಾದಲ್ಲಿ ಓಡದ ಹಳೇ ಟೂಲ್ ಇದ್ದರೆ ಮಾತ್ರ ಮುಂದಿನದ್ದೆಲ್ಲ ಬೇಕು.

## 1. ಈಗ ಯಾವುದು ಓಡುತ್ತಿದೆ, ಪತ್ತೆ ಹಚ್ಚಿ

ಏನನ್ನೂ ಬದಲಿಸುವ ಮುಂಚೆ ಈ ಎರಡು ಕಮಾಂಡ್ ಹೊಡೆಯಿರಿ:

ಜಾವಾ -ವರ್ಶನ್
ಜಾವಾಸಿ -ವರ್ಶನ್

ಎರಡರಲ್ಲೂ ಒಂದೇ ನಂಬರ್ ಬರಬೇಕು. ಜಾವಾ ಪ್ರೋಗ್ರಾಂ ಓಡಿಸುತ್ತದೆ, ಜಾವಾಸಿ ಕಂಪೈಲ್ ಮಾಡುತ್ತದೆ. ಒಂದು 8, ಇನ್ನೊಂದು 17 ತೋರಿಸಿದರೆ ಎರಡು ಬೇರೆ ಬೇರೆ ಫೋಲ್ಡರ್‌ನಿಂದ ಬರುತ್ತಿವೆ ಅಂತ ಅರ್ಥ. ಜನ ಒದ್ದಾಡುವ ತೊಂದರೆಗಳಲ್ಲಿ ಬಹುಪಾಲು ಇಲ್ಲೇ ಬಯಲಾಗುತ್ತವೆ, ಆದರೆ ಎರಡನೇ ಕಮಾಂಡನ್ನು ಯಾರೂ ಹೊಡೆಯುವುದೇ ಇಲ್ಲ.

ಜಾವಾ 8 ತನ್ನನ್ನು 1.8 ಅಂತ ಕರೆದುಕೊಳ್ಳುತ್ತದೆ. ಅದನ್ನು ನೋಡಿ ಬೇರೆ ಯಾವುದೋ ವರ್ಶನ್ ಅಂತ ಗಾಬರಿಯಾಗಬೇಡಿ. ಎರಡು ಡ್ಯಾಶ್ ಹಾಕಿ --ವರ್ಶನ್ ಅಂದರೆ 8ಕ್ಕೆ ಅರ್ಥವಾಗುವುದಿಲ್ಲ, ಗೊತ್ತಿಲ್ಲದ ಆಪ್ಶನ್ ಅಂತ ಎರರ್ ಕೊಡುತ್ತದೆ. 9ರಿಂದ ಮುಂದಿನವು ಎರಡನ್ನೂ ಒಪ್ಪುತ್ತವೆ. ಅಂದರೆ ಈ ಎರರ್ ಬಂತು ಅಂದರೆ ಓಡುತ್ತಿರುವುದು 8 ಅಥವಾ ಅದಕ್ಕಿಂತ ಹಳೆಯದು.

ಈಗ ಅದು ಎಲ್ಲಿಂದ ಬರುತ್ತಿದೆ ನೋಡಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ:

ವೇರ್ ಜಾವಾ
ವೇರ್ ಜಾವಾಸಿ

ಮ್ಯಾಕ್ ಮತ್ತು ಉಬುಂಟುವಿನಲ್ಲಿ:

ವಿಚ್ -ಎ ಜಾವಾ

ಪವರ್‌ಶೆಲ್ ಬಳಸುವವರಿಗೆ ಇಲ್ಲಿ ಒಂದು ಹಳ್ಳ ಇದೆ. ಅಲ್ಲಿ ವೇರ್ ಅಂದರೆ ಬೇರೆಯೇ ಕಮಾಂಡ್. ಸುಮ್ಮನೆ ಖಾಲಿ ಸಾಲು ಬರುತ್ತದೆ, ಜಾವಾನೇ ಇಲ್ಲ ಅಂದುಕೊಂಡು ಜನ ಮತ್ತೆ ಇನ್‌ಸ್ಟಾಲ್ ಮಾಡಲು ಓಡುತ್ತಾರೆ. ಪವರ್‌ಶೆಲ್‌ನಲ್ಲಿ ವೇರ್.ಇಎಕ್ಸ್‌ಇ ಜಾವಾ ಅಂತ ಪೂರ್ತಿ ಹೊಡೆಯಬೇಕು.

ಪಟ್ಟಿಯಲ್ಲಿ ಮೂರು ಸಾಲು ಬಂದರೆ ಮೊದಲನೆಯದೇ ಓಡುವುದು. ಉಳಿದವು ಸರದಿಯಲ್ಲಿ ಕಾಯುತ್ತಿರುತ್ತವೆ. ಈ ಪಟ್ಟಿಯನ್ನು ಒಂದು ನೋಟ್‌ಪ್ಯಾಡ್‌ನಲ್ಲಿ ಹಾಕಿಟ್ಟುಕೊಳ್ಳಿ, 3ನೇ ಹಂತದಲ್ಲಿ ಬೇಕಾಗುತ್ತದೆ.

## 2. ಯಾರು ಎಲ್ಲಿ ನೋಡುತ್ತಾರೆ

ಇದನ್ನು ಹಾರಿಸಿಬಿಡಬೇಡಿ. ಇದೊಂದು ಅರ್ಥವಾದರೆ ಮಿಕ್ಕಿದ್ದು ಸಲೀಸು.

ಟರ್ಮಿನಲ್ ನೋಡುವುದು ಪಾತ್ ಅನ್ನುವ ವೇರಿಯಬಲ್‌ನ್ನು, ಅಂದರೆ ಸಿಸ್ಟಮ್ ನೆನಪಿಟ್ಟುಕೊಳ್ಳುವ ಒಂದು ಸೆಟ್ಟಿಂಗ್‌ನ್ನು. ಅದು ಫೋಲ್ಡರ್‌ಗಳ ಒಂದು ಸಾಲು. ನೀವು ಜಾವಾ ಅಂದಾಗ ಎಡದಿಂದ ಒಂದೊಂದೇ ಫೋಲ್ಡರ್ ಹುಡುಕುತ್ತಾ ಹೋಗುತ್ತದೆ, ಮೊದಲು ಸಿಕ್ಕಿದ್ದಕ್ಕೇ ಮಣೆ. ಮುಂದೆ ಇನ್ನೂ ಹೊಸದು ಇದೆಯಾ ಅಂತ ನೋಡುವುದೇ ಇಲ್ಲ.

ಬಿಲ್ಡ್ ಟೂಲ್‌ಗಳಾದ ಮೇವನ್ ಮತ್ತು ಗ್ರೇಡಲ್ ಮೊದಲು ನೋಡುವುದು ಜಾವಾ_ಹೋಮ್ ವೇರಿಯಬಲ್‌ನ್ನು. ಜೆಡಿಕೆ ಯಾವ ಫೋಲ್ಡರ್‌ನಲ್ಲಿದೆ ಅಂತ ಅದರಲ್ಲಿ ಬರೆದಿರುತ್ತದೆ. ಹಾಗಾಗಿ ಟರ್ಮಿನಲ್‌ನಲ್ಲಿ 17 ಕಂಡರೂ ಮೇವನ್ 8ರಲ್ಲೇ ಕಂಪೈಲ್ ಮಾಡುತ್ತಾ ಕೂತಿರಬಹುದು.

ಇಂಟೆಲಿಜೆ, ಎಕ್ಲಿಪ್ಸ್, ವಿಎಸ್ ಕೋಡ್ ತಮ್ಮದೇ ಸೆಟ್ಟಿಂಗ್ ನೋಡುತ್ತವೆ. ಪಾತ್‌ನಲ್ಲಿ ಏನೇ ಇರಲಿ, ಪ್ರಾಜೆಕ್ಟ್‌ನಲ್ಲಿ ಒಮ್ಮೆ 11 ಅಂತ ಆರಿಸಿದ್ದರೆ 11ರಲ್ಲೇ ಓಡಿಸುತ್ತವೆ.

ಮುಂದೆ ಎಲ್ಲೇ ಎರರ್ ಬಂದರೂ ಮೊದಲು ಕೇಳಿಕೊಳ್ಳಬೇಕಾದ್ದು: ಈಗ ಜಾವಾವನ್ನು ಕರೆದವರು ಯಾರು?

## 3. ವಿಂಡೋಸ್: ಹಳೇ ಕಸ ಗುಡಿಸಿ

ಒರಾಕಲ್‌ನ ಇನ್‌ಸ್ಟಾಲರ್ ಬಳಸಿದ್ದರೆ ಅದು ಜಾವಾಪಾತ್ ಅನ್ನುವ ಫೋಲ್ಡರ್ ಒಂದನ್ನು ಮಾಡಿ ಪಾತ್‌ನ ತುದಿಗೇ, ಎಲ್ಲಕ್ಕಿಂತ ಮೊದಲು, ಸೇರಿಸಿರುತ್ತದೆ. ಪ್ರೋಗ್ರಾಂ ಫೈಲ್ಸ್ ಒಳಗೆ ಕಾಮನ್ ಫೈಲ್ಸ್, ಅದರೊಳಗೆ ಒರಾಕಲ್, ಜಾವಾ, ಜಾವಾಪಾತ್. ನೀವು ಎಷ್ಟೇ ಚೆನ್ನಾಗಿ ಜಾವಾ_ಹೋಮ್ ಹಾಕಿದರೂ ಇದು ಮುಂದೆ ನಿಂತು ದಾರಿ ತಡೆಯುತ್ತದೆ. ಬರೀ ಜೆಆರ್‌ಇ (ಪ್ರೋಗ್ರಾಂ ಓಡಿಸಲು ಮಾತ್ರ ಇರುವ ಜಾವಾ) 8 ಹಾಕಿದ್ದವರಲ್ಲಿ ಈ ಫೋಲ್ಡರ್‌ನಲ್ಲಿ ಜಾವಾ ಇರುತ್ತದೆ, ಜಾವಾಸಿ ಇರುವುದಿಲ್ಲ. ಒಂದು 8, ಇನ್ನೊಂದು 17 ಅಂತ ಕಾಣುವುದಕ್ಕೆ ಸಾಮಾನ್ಯ ಕಾರಣ ಇದೇ. ಇನ್ನೂ ಹಳೇ ಇನ್‌ಸ್ಟಾಲರ್‌ಗಳು ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್‌ಗೇ ಜಾವಾ ತಂದು ಹಾಕುತ್ತಿದ್ದವು. ನಿಮ್ಮ ವೇರ್ ಪಟ್ಟಿಯಲ್ಲಿ ಅದೂ ಇದೆಯಾ ನೋಡಿ.

ಸ್ಟಾರ್ಟ್ ಮೆನುವಿನಲ್ಲಿ ಎನ್ವಿರಾನ್‌ಮೆಂಟ್ ಅಂತ ಹುಡುಕಿ. ಎಡಿಟ್ ದ ಸಿಸ್ಟಮ್ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ತೆರೆದು, ಕೆಳಗಿನ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಬಟನ್ ಒತ್ತಿ. ಮೇಲೆ ನಿಮ್ಮ ಯೂಸರ್‌ನವು, ಕೆಳಗೆ ಸಿಸ್ಟಮ್‌ನವು. ಎರಡೂ ಕಡೆ ಪಾತ್ ಇರುತ್ತದೆ. ಎರಡನ್ನೂ ತೆರೆದು, ಜಾವಾ ಹೆಸರಿರುವ ಸಾಲುಗಳನ್ನೆಲ್ಲ ನೋಟ್‌ಪ್ಯಾಡ್‌ಗೆ ಕಾಪಿ ಮಾಡಿಟ್ಟು, ಆಮೇಲೆ ಅಳಿಸಿ. ಕಾಪಿ ಮಾಡದೆ ಅಳಿಸಬೇಡಿ. ಜಾವಾಕ್ಕೆ ಸಂಬಂಧವಿಲ್ಲದ ಸಾಲನ್ನು ಮುಟ್ಟಲೇಬೇಡಿ.

ಕ್ಲಾಸ್‌ಪಾತ್ ಅನ್ನುವ ವೇರಿಯಬಲ್ ಕಂಡರೆ ಅದನ್ನೂ ತೆಗೆಯಬಹುದು. ಹಳೇ ಲ್ಯಾಬ್ ಮ್ಯಾನ್ಯುಯಲ್‌ಗಳಲ್ಲಿ ಟೂಲ್ಸ್.ಜಾರ್ ಸೇರಿಸಿ ಅಂತ ಹೇಳಿರುತ್ತಾರೆ. ಜಾವಾ 9ರಿಂದ ಆ ಫೈಲೇ ಇಲ್ಲ.

## 4. ಜೆಡಿಕೆಗಳನ್ನು ಒಂದೇ ಕಡೆ ಇಡಿ

ನನ್ನ ಸಲಹೆ: ಇನ್‌ಸ್ಟಾಲರ್ ಬಿಡಿ, ಜಿಪ್ ತಗೊಳ್ಳಿ. ಅಡಾಪ್ಟಿಯಂ ತಾಣದಲ್ಲಿ ಟೆಮುರಿನ್ ಅನ್ನುವ ಉಚಿತ ಜೆಡಿಕೆ ಸಿಗುತ್ತದೆ. 8, 17, 21 ಮೂರರದ್ದೂ ಜಿಪ್ ಇದೆ. ಆಫೀಸ್ ಕೆಲಸಕ್ಕೆ ಬಳಸಿದರೂ ಲೈಸೆನ್ಸ್ ತಲೆನೋವಿಲ್ಲ.

ಇನ್‌ಸ್ಟಾಲರ್ ಯಾಕೆ ಬೇಡ? ಅದು ಮಾಡುವ ಫೋಲ್ಡರ್‌ನ ಹೆಸರಿನಲ್ಲಿ ವರ್ಶನ್‌ನ ಉದ್ದನೆಯ ನಂಬರ್ ಪೂರ್ತಿ ಇರುತ್ತದೆ. ಮುಂದಿನ ಅಪ್‌ಡೇಟ್ ಬಂದಾಗ ಆ ಹೆಸರು ಬದಲಾಗುತ್ತದೆ, ನೀವು ಕೈಯಾರೆ ಹಾಕಿದ ಜಾವಾ_ಹೋಮ್ ಇಲ್ಲದ ಫೋಲ್ಡರ್‌ನ್ನು ತೋರಿಸುತ್ತಾ ಉಳಿಯುತ್ತದೆ. ನಿನ್ನೆ ಸರಿ ಇತ್ತು, ಇವತ್ತು ಮೇವನ್ ಓಡುತ್ತಿಲ್ಲ ಅನ್ನುವವರು ಮೊದಲು ಇದನ್ನು ನೋಡಿ.

ಸಿ ಡ್ರೈವ್‌ನಲ್ಲಿ ಜಾವಾ ಅಂತ ಫೋಲ್ಡರ್ ಮಾಡಿ, ಹೀಗೆ ಇಡಿ:

ಸಿ:\ಜಾವಾ\ಜೆಡಿಕೆ8
ಸಿ:\ಜಾವಾ\ಜೆಡಿಕೆ17
ಸಿ:\ಜಾವಾ\ಜೆಡಿಕೆ21

ಜಿಪ್ ಬಿಚ್ಚುವಾಗ ಫೋಲ್ಡರ್‌ನೊಳಗೆ ಇನ್ನೊಂದು ಫೋಲ್ಡರ್ ಬರುತ್ತದೆ, ಗಮನಿಸಿ. ಜೆಡಿಕೆ17 ತೆರೆದ ತಕ್ಷಣ ಬಿನ್, ಕಾನ್ಫ್, ಲಿಬ್ ಕಾಣಬೇಕು. ಅದರ ಬದಲು ಉದ್ದ ಹೆಸರಿನ ಇನ್ನೊಂದು ಫೋಲ್ಡರ್ ಒಂದೇ ಕಂಡರೆ ಅದರೊಳಗಿನದನ್ನೆಲ್ಲ ಒಂದು ಮಟ್ಟ ಮೇಲಕ್ಕೆ ತನ್ನಿ. ಹೆಸರಿನಲ್ಲಿ ಸ್ಪೇಸ್ ಬೇಡ. ಪ್ರೋಗ್ರಾಂ ಫೈಲ್ಸ್ ಒಳಗೆ ಇಟ್ಟರೆ ಮಧ್ಯದ ಆ ಒಂದು ಸ್ಪೇಸ್‌ಗೆ ಎಷ್ಟೋ ಹಳೇ ಸ್ಕ್ರಿಪ್ಟ್‌ಗಳು ಮುಗ್ಗರಿಸುತ್ತವೆ.

ಡೌನ್‌ಲೋಡ್ ಪುಟದಲ್ಲಿ ಜೆಆರ್‌ಇ ಮತ್ತು ಜೆಡಿಕೆ ಎರಡೂ ಇರುತ್ತವೆ. ಜೆಆರ್‌ಇಯಲ್ಲಿ ಕಂಪೈಲರ್ ಇಲ್ಲ. ಜೆಡಿಕೆಯನ್ನೇ ಇಳಿಸಿ.

## 5. ಜಾವಾ_ಹೋಮ್ ಮೊದಲು, ಪಾತ್ ಆಮೇಲೆ

ಅದೇ ಎನ್ವಿರಾನ್‌ಮೆಂಟ್ ಪೆಟ್ಟಿಗೆ ತೆರೆಯಿರಿ. ಕೆಳಗಿನ ಸಿಸ್ಟಮ್ ಭಾಗದಲ್ಲಿ ನ್ಯೂ ಒತ್ತಿ. ಹೆಸರು ಜಾವಾ_ಹೋಮ್, ವ್ಯಾಲ್ಯೂ:

ಸಿ:\ಜಾವಾ\ಜೆಡಿಕೆ17

ಕೊನೆಯಲ್ಲಿ ಬಿನ್ ಸೇರಿಸಬೇಡಿ. ಸೆಮಿಕೋಲನ್ ಬೇಡ, ಉದ್ಧರಣ ಚಿಹ್ನೆಯೂ ಬೇಡ. ಬಿನ್ ಸೇರಿಸಿದರೆ ಜಾವಾ_ಹೋಮ್ ಸರಿಯಾಗಿಲ್ಲ ಅಂತ ಮೇವನ್ ತಕರಾರು ತೆಗೆಯುತ್ತದೆ.

ಈಗ ಅದೇ ಸಿಸ್ಟಮ್ ಭಾಗದ ಪಾತ್ ತೆರೆದು ಹೊಸ ಸಾಲು ಹಾಕಿ:

%ಜಾವಾ_ಹೋಮ್%\ಬಿನ್

ಮೂವ್ ಅಪ್ ಬಟನ್ ಒತ್ತಿ ಇದನ್ನು ಎಲ್ಲಕ್ಕಿಂತ ಮೇಲೆ ತನ್ನಿ. ಇನ್ನು ಮುಂದೆ ವರ್ಶನ್ ಬದಲಿಸಲು ಪಾತ್ ಮುಟ್ಟುವ ಕೆಲಸವಿಲ್ಲ. ಜಾವಾ_ಹೋಮ್‌ನಲ್ಲಿ 17 ಇದ್ದದ್ದನ್ನು 21 ಮಾಡಿದರೆ ಟರ್ಮಿನಲ್, ಮೇವನ್ ಎರಡೂ ಒಟ್ಟಿಗೆ ಬದಲಾಗುತ್ತವೆ.

ಎರಡೂ ಸಿಸ್ಟಮ್ ಭಾಗದಲ್ಲೇ ಇರಲಿ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ವಿಂಡೋಸ್ ಪಾತ್ ಕಟ್ಟುವಾಗ ಸಿಸ್ಟಮ್‌ನದ್ದನ್ನು ಮೊದಲು ಇಟ್ಟು ಯೂಸರ್‌ನದ್ದನ್ನು ಅದರ ಹಿಂದೆ ಜೋಡಿಸುತ್ತದೆ. ಬೇರೆ ವೇರಿಯಬಲ್‌ಗಳಲ್ಲಿ ಯೂಸರ್‌ನದ್ದೇ ಗೆಲ್ಲುತ್ತದೆ, ಪಾತ್‌ನಲ್ಲಿ ಮಾತ್ರ ಹೀಗೆ. ಹಾಗಾಗಿ ನೀವು ಯೂಸರ್ ಪಾತ್‌ನ ಮೊದಲ ಸಾಲಿನಲ್ಲೇ 17 ಹಾಕಿದರೂ ಸಿಸ್ಟಮ್ ಪಾತ್‌ನ ಬಾಲದಲ್ಲಿರುವ 8 ಮುಂದೆ ಬರುತ್ತದೆ. ಇನ್ನು ಜಾವಾ_ಹೋಮ್ ಯೂಸರ್ ಭಾಗದಲ್ಲಿ, ಪಾತ್ ಸಾಲು ಸಿಸ್ಟಮ್ ಭಾಗದಲ್ಲಿ ಅಂತ ಬೆರೆಸಿದರೂ ಕೆಲಸ ಕೆಡುತ್ತದೆ, ಯಾಕೆಂದರೆ ಸಿಸ್ಟಮ್ ಪಾತ್ ಬಿಡಿಸುವ ಹೊತ್ತಿಗೆ ಯೂಸರ್‌ನವು ಇನ್ನೂ ಬಂದಿರುವುದಿಲ್ಲ.

ಎಚ್ಚರಿಕೆ: ಪಾತ್ ಬದಲಿಸಲು ಸೆಟ್‌ಎಕ್ಸ್ ಕಮಾಂಡ್ ಬಳಸಬೇಡಿ. ಎಷ್ಟೋ ವಿಡಿಯೋಗಳಲ್ಲಿ ಹಾಗೇ ಹೇಳಿಕೊಡುತ್ತಾರೆ. ಸೆಟ್‌ಎಕ್ಸ್ 1024 ಅಕ್ಷರಕ್ಕಿಂತ ಉದ್ದದ್ದನ್ನು ಕತ್ತರಿಸಿಬಿಡುತ್ತದೆ. ನಿಮ್ಮ ಪಾತ್ ಅದಕ್ಕಿಂತ ಉದ್ದ ಇದ್ದರೆ ಬಾಲ ಹೋಯಿತು. ಜಾವಾ ಸರಿಯಾಗುತ್ತದೆ, ಪೈಥಾನೋ ಗಿಟ್ಟೋ ಮಾಯವಾಗುತ್ತದೆ. ಅದನ್ನು ವಾಪಸ್ ತರುವ ಬಟನ್ ವಿಂಡೋಸ್‌ನಲ್ಲಿ ಇಲ್ಲ.

## 6. ಹೊಸ ಕಿಟಕಿಯಲ್ಲಿ ಪರೀಕ್ಷೆ ಮಾಡಿ

ತೆರೆದಿದ್ದ ಟರ್ಮಿನಲ್‌ಗೆ ನೀವು ಮಾಡಿದ ಬದಲಾವಣೆ ಗೊತ್ತೇ ಆಗುವುದಿಲ್ಲ. ಅದನ್ನು ಮುಚ್ಚಿ ಹೊಸದು ತೆರೆಯಿರಿ. ವಿಎಸ್ ಕೋಡ್‌ನೊಳಗಿನ ಟರ್ಮಿನಲ್ ಆದರೆ ಬರೀ ಟರ್ಮಿನಲ್ ಮುಚ್ಚಿದರೆ ಸಾಲದು. ವಿಎಸ್ ಕೋಡ್‌ನ ಕಿಟಕಿಗಳನ್ನೆಲ್ಲ ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು, ಏಕೆಂದರೆ ಒಳಗಿನ ಟರ್ಮಿನಲ್‌ಗೆ ಹಳೇ ವ್ಯಾಲ್ಯೂಗಳು ಹೋಗುವುದು ವಿಎಸ್ ಕೋಡ್‌ನಿಂದಲೇ.

ಈಗ ಕ್ರಮವಾಗಿ:

ಎಕೋ %ಜಾವಾ_ಹೋಮ್%
ವೇರ್ ಜಾವಾ
ಜಾವಾ -ವರ್ಶನ್
ಜಾವಾಸಿ -ವರ್ಶನ್

ಮೊದಲ ಸಾಲಿಗೆ ಫೋಲ್ಡರ್ ಬರುವ ಬದಲು ಶೇಕಡಾ ಚಿಹ್ನೆ ಸಮೇತ ನೀವು ಹೊಡೆದದ್ದೇ ವಾಪಸ್ ಬಂದರೆ ವೇರಿಯಬಲ್ ಕೂತಿಲ್ಲ. ಅಥವಾ ನೀವು ಪವರ್‌ಶೆಲ್‌ನಲ್ಲಿ ಇದ್ದೀರಿ! ಅಲ್ಲಿ ಯಾವಾಗಲೂ ಹಾಗೇ ಬರುತ್ತದೆ. ಪವರ್‌ಶೆಲ್‌ನಲ್ಲಿ ನೋಡಬೇಕಾದ್ದು:

$ಎನ್ವ್:ಜಾವಾ_ಹೋಮ್

ನಾಲ್ಕೂ ಹೊಂದಿಕೆಯಾಗುವ ತನಕ ಮುಂದೆ ಹೋಗಬೇಡಿ. ಇಲ್ಲಿ ತಪ್ಪಿದ್ದರೆ ಮೇವನ್‌ನಲ್ಲಿ ಅದು ಇನ್ನೂ ವಿಚಿತ್ರ ರೂಪದಲ್ಲಿ ಎದುರಾಗುತ್ತದೆ.

## 7. ಒಂದೇ ಕಿಟಕಿಗೆ ಮಾತ್ರ ಬದಲಿಸುವುದು

ದಿನಕ್ಕೆ ನಾಲ್ಕು ಸಲ 8, 17 ಅಂತ ಓಡಾಡುವವರಿಗೆ ಪ್ರತಿ ಸಲ ಆ ಪೆಟ್ಟಿಗೆ ತೆರೆಯುವುದು ಬೇಜಾರು ಅಲ್ವಾ. ಸಣ್ಣ ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಒಂದಾದ ಮೇಲೊಂದು ಓಡಿಸುವ ಫೈಲ್) ಮಾಡಿಟ್ಟುಕೊಳ್ಳಿ. ಅಡ್ಮಿನ್ ಹಕ್ಕೂ ಬೇಕಿಲ್ಲ. ನೋಟ್‌ಪ್ಯಾಡ್‌ನಲ್ಲಿ:

@ಎಕೋ ಆಫ್
ಸೆಟ್ ಜಾವಾ_ಹೋಮ್=ಸಿ:\ಜಾವಾ\ಜೆಡಿಕೆ8
ಸೆಟ್ ಪಾತ್=%ಜಾವಾ_ಹೋಮ್%\ಬಿನ್;%ಪಾತ್%
ಜಾವಾ -ವರ್ಶನ್

ಇದನ್ನು ಜೆ8.ಬ್ಯಾಟ್ ಅಂತ ಉಳಿಸಿ. ಹೀಗೇ ಜೆ17.ಬ್ಯಾಟ್, ಜೆ21.ಬ್ಯಾಟ್. ಮೂರನ್ನೂ ಪಾತ್‌ನಲ್ಲಿರುವ ಯಾವುದಾದರೂ ಫೋಲ್ಡರ್‌ಗೆ ಹಾಕಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಜೆ8 ಅಂತ ಹೊಡೆದರೆ ಆ ಕಿಟಕಿ ಮಾತ್ರ 8 ಆಗುತ್ತದೆ, ಮುಚ್ಚಿದರೆ ಹೋಯಿತು. ಈ ವಿಧಾನ ಹೊಸ ಸಾಲನ್ನು ಪಾತ್‌ನಲ್ಲಿ ಎಲ್ಲಕ್ಕಿಂತ ಮೊದಲು ಇಡುವುದರಿಂದ, ಸಿಸ್ಟಮ್ ಪಾತ್‌ನಲ್ಲಿ ಯಾರೋ ಹಾಕಿದ ಹಳೇ ಜಾವಾ ಇದ್ದರೂ ಅಡ್ಡಿಯಿಲ್ಲ. ಲ್ಯಾಬ್ ಕಂಪ್ಯೂಟರ್‌ನಲ್ಲಿ ಜಿಪ್ ಬಿಚ್ಚಿಟ್ಟು ಇಷ್ಟು ಮಾಡಿದರೆ ಸಾಕು. ಸಿ ಡ್ರೈವ್‌ನಲ್ಲಿ ಬರೆಯಲು ಬಿಡದಿದ್ದರೆ ನಿಮ್ಮ ಯೂಸರ್ ಫೋಲ್ಡರ್‌ನಲ್ಲಿ ಇಡಿ, ಬ್ಯಾಚ್ ಫೈಲ್‌ನಲ್ಲೂ ಅದೇ ಜಾಗ ಬರೆಯಿರಿ.

ಇಲ್ಲಿ ಆಗುವ ತಪ್ಪುಗಳು. ಸಮ ಚಿಹ್ನೆಗೆ ಮುಂಚೆ ಸ್ಪೇಸ್ ಬಿಟ್ಟರೆ ಹೆಸರಿನ ಕೊನೆಗೆ ಸ್ಪೇಸ್ ಅಂಟಿಕೊಂಡು ಬೇರೆಯೇ ಒಂದು ವೇರಿಯಬಲ್ ಹುಟ್ಟುತ್ತದೆ, ಎರರ್ ಮಾತ್ರ ಬರುವುದಿಲ್ಲ. ಫೈಲ್‌ನ ಮೊದಲಿಗೆ ಸೆಟ್‌ಲೋಕಲ್ ಹಾಕಿದರೆ ಬ್ಯಾಚ್ ಮುಗಿದ ಕೂಡಲೇ ಎಲ್ಲ ಹಿಂದಿನ ಹಾಗೇ ಆಗುತ್ತದೆ. ನೋಟ್‌ಪ್ಯಾಡ್ ಕೊನೆಗೆ .ಟಿಎಕ್ಸ್‌ಟಿ ಸೇರಿಸಿಬಿಟ್ಟಿದೆಯಾ ಅಂತಲೂ ನೋಡಿ. ಒಂದೇ ಕಿಟಕಿಯಲ್ಲಿ ಮತ್ತೆ ಮತ್ತೆ ಬದಲಿಸುತ್ತಿದ್ದರೆ ಪಾತ್ ಉದ್ದವಾಗುತ್ತಲೇ ಹೋಗಿ ಕೊನೆಗೆ ಸಾಲು ತೀರ ಉದ್ದವಾಯಿತು ಅನ್ನುವ ಎರರ್ ಬರುತ್ತದೆ. ಹೊಸ ಕಿಟಕಿ ತೆರೆದರೆ ಸರಿ.

ಪವರ್‌ಶೆಲ್‌ನಲ್ಲಿ ಬ್ಯಾಚ್ ಫೈಲ್ ಉಪಯೋಗವಿಲ್ಲ. ಅದು ಒಳಗೆ ಬೇರೊಂದು ಕಮಾಂಡ್ ಪ್ರಾಂಪ್ಟ್ ತೆರೆದು, ಅಲ್ಲಿ ಬದಲಿಸಿ, ಅದನ್ನು ಮುಚ್ಚಿಬಿಡುತ್ತದೆ. ಹೊಸ ವರ್ಶನ್ ಒಮ್ಮೆ ಪರದೆ ಮೇಲೆ ಕಾಣುತ್ತದೆ, ಮುಂದಿನ ಸಾಲಿನಲ್ಲೇ ಹಳೆಯದು. ಅಲ್ಲಿ ಹೀಗೆ ಹೊಡೆಯಿರಿ:

$ಎನ್ವ್:ಜಾವಾ_ಹೋಮ್="ಸಿ:\ಜಾವಾ\ಜೆಡಿಕೆ8"
$ಎನ್ವ್:ಪಾತ್="$ಎನ್ವ್:ಜಾವಾ_ಹೋಮ್\ಬಿನ್;$ಎನ್ವ್:ಪಾತ್"

## 8. ಉಬುಂಟು

ಇನ್‌ಸ್ಟಾಲ್ ಸುಲಭ:

ಸುಡೋ ಎಪಿಟಿ ಇನ್‌ಸ್ಟಾಲ್ ಓಪನ್‌ಜೆಡಿಕೆ-17-ಜೆಡಿಕೆ

ಕೊನೆಯಲ್ಲಿ ಜೆಡಿಕೆ ಇರಲಿ. ಅಲ್ಲಿ ಜೆಆರ್‌ಇ ಹೊಡೆದರೆ ಜಾವಾಸಿ ಸಿಗುವುದಿಲ್ಲ. ಬದಲಿಸುವುದು ಹೀಗೆ:

ಸುಡೋ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್ ಜಾವಾ
ಸುಡೋ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್ ಜಾವಾಸಿ

ನಂಬರ್ ಹಾಕಿದ ಪಟ್ಟಿ ಬರುತ್ತದೆ, ಈಗಿನದಕ್ಕೆ ನಕ್ಷತ್ರ ಇರುತ್ತದೆ. ಬೇಕಾದ ನಂಬರ್ ಹೊಡೆದು ಎಂಟರ್. ಎರಡನ್ನೂ ಮಾಡಬೇಕು, ಮೊದಲನೆಯದನ್ನು ಮಾತ್ರ ಮಾಡಿ ಎದ್ದು ಹೋಗುವವರೇ ಜಾಸ್ತಿ. ಸೊನ್ನೆ ಆರಿಸಬೇಡಿ. ಅದು ಆಟೋ ಮೋಡ್, ನಾಳೆ ಇನ್ನೊಂದು ಜೆಡಿಕೆ ಹಾಕಿದಾಗ ಹೇಳದೆ ಕೇಳದೆ ಅದಕ್ಕೆ ಹಾರಬಹುದು.

ಇದರಿಂದ ಜಾವಾ_ಹೋಮ್ ಬದಲಾಗುವುದಿಲ್ಲ. ನಿಜವಾದ ಜಾಗ ತಿಳಿಯಲು:

ರೀಡ್‌ಲಿಂಕ್ -ಎಫ್ $(ವಿಚ್ ಜಾವಾಸಿ)

ಬಂದ ಉತ್ತರದ ಕೊನೆಯ /ಬಿನ್/ಜಾವಾಸಿ ಬಿಟ್ಟು ಉಳಿದದ್ದನ್ನು ಹೋಮ್ ಫೋಲ್ಡರ್‌ನ .ಬ್ಯಾಶ್‌ಆರ್‌ಸಿ ಫೈಲ್‌ನ ಕೊನೆಯಲ್ಲಿ ಎಕ್ಸ್‌ಪೋರ್ಟ್ ಜಾವಾ_ಹೋಮ್= ಅಂತ ಹಾಕಿ.

ನಂಬರ್ ಆರಿಸಿದರೂ ವರ್ಶನ್ ಬದಲಾಗದಿದ್ದರೆ ಅದೇ .ಬ್ಯಾಶ್‌ಆರ್‌ಸಿ ತೆರೆದು ನೋಡಿ. ಹಿಂದೆ ಯಾವತ್ತೋ ಯಾವುದೋ ಟ್ಯುಟೋರಿಯಲ್ ನೋಡಿ ಪಾತ್‌ನ ಮುಂದೆ ಹಳೇ ಜೆಡಿಕೆ ಸೇರಿಸಿರುತ್ತೀರಿ. ಅದು ಇರುವ ತನಕ ಆಲ್ಟರ್ನೇಟಿವ್ಸ್‌ನ ಮಾತು ನಡೆಯುವುದಿಲ್ಲ. ಆ ಸಾಲು ತೆಗೆದು ಹೊಸ ಟರ್ಮಿನಲ್ ತೆರೆಯಿರಿ.

ಪದೇ ಪದೇ ಬದಲಿಸುವವರಾದರೆ ಎಸ್‌ಡಿಕೆಮ್ಯಾನ್ ಅನ್ನುವ ವರ್ಶನ್ ಬದಲಿಸುವ ಟೂಲ್ ಹಾಕಿಕೊಳ್ಳಿ, ಮ್ಯಾಕ್‌ನಲ್ಲೂ ನಡೆಯುತ್ತದೆ. ಎಸ್‌ಡಿಕೆ ಲಿಸ್ಟ್ ಜಾವಾ ಅಂದರೆ ಪಟ್ಟಿ, ಎಸ್‌ಡಿಕೆ ಇನ್‌ಸ್ಟಾಲ್ ಜಾವಾ ಮತ್ತು ಪಟ್ಟಿಯ ಕೊನೇ ಕಾಲಮ್‌ನ ಪೂರ್ತಿ ಹೆಸರು ಅಂದರೆ ಇನ್‌ಸ್ಟಾಲ್. ಎಸ್‌ಡಿಕೆ ಯೂಸ್ ಆ ಕಿಟಕಿಗೆ ಮಾತ್ರ, ಎಸ್‌ಡಿಕೆ ಡೀಫಾಲ್ಟ್ ಶಾಶ್ವತ. ಈ ಎರಡರ ವ್ಯತ್ಯಾಸ ಮರೆತು, ಕಿಟಕಿ ಮುಚ್ಚಿ ತೆರೆದರೆ ಹಳೆಯದೇ ಬಂತು ಅಂತ ದೂರುವವರಿದ್ದಾರೆ. ಜಾವಾ_ಹೋಮ್ ಅದೇ ನೋಡಿಕೊಳ್ಳುತ್ತದೆ, ನೀವು ಕೈಯಾರೆ ಹಾಕಿದ ಸಾಲು ಇದ್ದರೆ ತೆಗೆಯಿರಿ. ಎಸ್‌ಡಿಕೆಮ್ಯಾನ್ ಮತ್ತು ಆಲ್ಟರ್ನೇಟಿವ್ಸ್ ಎರಡನ್ನೂ ಬೆರೆಸಿ ಆಡಬೇಡಿ, ಒಂದನ್ನು ಹಿಡಿಯಿರಿ.

ವಿಂಡೋಸ್ ಒಳಗಿನ ಡಬ್ಲ್ಯುಎಸ್‌ಎಲ್‌ನಲ್ಲಿ ಉಬುಂಟು ಓಡಿಸುತ್ತಿದ್ದರೆ ಅಲ್ಲಿನ ಜಾವಾ ಬೇರೆ, ವಿಂಡೋಸ್‌ನ ಜಾವಾ ಬೇರೆ.

## 9. ಮ್ಯಾಕ್

ಮ್ಯಾಕ್‌ನಲ್ಲಿ ಆಪಲ್‌ನವರೇ ಒಂದು ಸಹಾಯಕ ಕೊಟ್ಟಿದ್ದಾರೆ. ಏನೇನು ಇದೆ ಅಂತ ನೋಡಲು:

/ಯುಎಸ್‌ಆರ್/ಲಿಬ್‌ಎಕ್ಸೆಕ್/ಜಾವಾ_ಹೋಮ್ -ವಿ

ಇಲ್ಲಿನ ಜಾವಾ_ಹೋಮ್ ಒಂದು ಪ್ರೋಗ್ರಾಂ, ಇದು ಸಣ್ಣ ಅಕ್ಷರ. ಕೊನೆಯ ವಿ ದೊಡ್ಡ ಅಕ್ಷರ. ಸಣ್ಣ ವಿ ಹಾಕಿ ಮುಂದೆ ನಂಬರ್ ಕೊಟ್ಟರೆ ಆ ವರ್ಶನ್‌ನ ಜಾಗ ಹೇಳುತ್ತದೆ. ಜಾವಾ 8 ಬೇಕಿದ್ದರೆ 1.8 ಅಂತ ಕೊಡಿ. ಆ ಜಾಗವನ್ನು ಹೋಮ್ ಫೋಲ್ಡರ್‌ನ .ಜೆಡ್‌ಎಸ್‌ಎಚ್‌ಆರ್‌ಸಿ ಫೈಲ್‌ನಲ್ಲಿ ಎಕ್ಸ್‌ಪೋರ್ಟ್ ಜಾವಾ_ಹೋಮ್= ಅಂತ ಹಾಕಿದರೆ ಮುಗಿಯಿತು. ಮ್ಯಾಕ್‌ನ ಜಾವಾ ಕಮಾಂಡ್ ಆ ವೇರಿಯಬಲ್ ನೋಡಿಯೇ ನಡೆಯುತ್ತದೆ.

ಸಾಫ್ಟ್‌ವೇರ್ ಹಾಕುವ ಟೂಲ್ ಆದ ಹೋಮ್‌ಬ್ರ್ಯೂನಿಂದ ಓಪನ್‌ಜೆಡಿಕೆ ಹಾಕಿದವರಿಗೆ ಈ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಇನ್‌ಸ್ಟಾಲ್ ಮುಗಿದಾಗ ಕೊನೆಯಲ್ಲಿ ಒಂದು ಲಿಂಕ್ ಕಮಾಂಡ್ ತೋರಿಸಿರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಬ್ರ್ಯೂ ಇನ್ಫೋ ಓಪನ್‌ಜೆಡಿಕೆ@17 ಅಂದರೆ ಮತ್ತೆ ತೋರಿಸುತ್ತದೆ. ಎಂ ಸರಣಿಯ ಮ್ಯಾಕ್‌ಗೆ ಜಾವಾ 8 ಬೇಕಿದ್ದರೆ ಅಜುಲ್ ಕಂಪನಿಯ ಜುಲು ಅನ್ನುವ ಜೆಡಿಕೆ ಇಳಿಸಿ.

## 10. ಮೇವನ್, ಗ್ರೇಡಲ್ ಮತ್ತು ಎಡಿಟರ್

ಟರ್ಮಿನಲ್ ಸರಿಯಾದ ಮೇಲೆ ಇದು. ಮೊದಲು ಮೇವನ್:

ಎಂವಿಎನ್ -ವರ್ಶನ್

ಇದು ತನ್ನ ವರ್ಶನ್ ಜೊತೆಗೆ ತಾನು ಬಳಸುತ್ತಿರುವ ಜಾವಾ ಯಾವುದು, ಯಾವ ಫೋಲ್ಡರ್‌ನದು ಅಂತಲೂ ಹೇಳುತ್ತದೆ. ಆ ಸಾಲನ್ನು ಓದಿ. ಅಲ್ಲಿ ಹಳೆಯದು ಇದ್ದರೆ ಜಾವಾ_ಹೋಮ್ ಹಳೆಯದು.

ಗ್ರೇಡಲ್ ಹಿನ್ನೆಲೆಯಲ್ಲಿ ಡೀಮನ್ ಓಡಿಸುತ್ತದೆ, ಅಂದರೆ ಬಿಲ್ಡ್ ಮುಗಿದರೂ ಓಡುತ್ತಲೇ ಇರುವ ಪ್ರೋಗ್ರಾಂ. ಬದಲಿಸಿದ ಮೇಲೆ ಗ್ರೇಡಲ್ --ಸ್ಟಾಪ್ ಹೊಡೆದು ಹಳೆಯವನ್ನು ಎಬ್ಬಿಸಿ ಕಳಿಸಿ. ಪ್ರಾಜೆಕ್ಟ್‌ನ ಗ್ರೇಡಲ್.ಪ್ರಾಪರ್ಟೀಸ್ ಫೈಲ್‌ನಲ್ಲಿ ಒಆರ್‌ಜಿ.ಗ್ರೇಡಲ್.ಜಾವಾ.ಹೋಮ್ ಅನ್ನುವ ಸಾಲು ಇದ್ದರೆ ಅದು ಜಾವಾ_ಹೋಮ್‌ಗಿಂತ ಮೇಲು. ಗ್ರೇಡಲ್‌ಗೂ ವಯಸ್ಸಿನ ಮಿತಿ ಇದೆ: ಜಾವಾ 17ರ ಮೇಲೆ ಓಡಲು ಗ್ರೇಡಲ್ 7.3, ಜಾವಾ 21ಕ್ಕೆ 8.5 ಕನಿಷ್ಠ.

ಇಂಟೆಲಿಜೆಯಲ್ಲಿ ಒಂದೇ ಕಡೆ ಬದಲಿಸಿದರೆ ಆಗುವುದಿಲ್ಲ. ಪ್ರಾಜೆಕ್ಟ್ ಸ್ಟ್ರಕ್ಚರ್‌ನಲ್ಲಿ ಎಸ್‌ಡಿಕೆ ಮತ್ತು ಲ್ಯಾಂಗ್ವೇಜ್ ಲೆವೆಲ್, ಸೆಟ್ಟಿಂಗ್ಸ್‌ನ ಬಿಲ್ಡ್ ಟೂಲ್ಸ್ ಒಳಗೆ ಗ್ರೇಡಲ್ ಜೆವಿಎಂ ಅಥವಾ ಮೇವನ್ ರನ್ನರ್‌ನ ಜೆಆರ್‌ಇ, ಇವೆಲ್ಲ ಬೇರೆ ಬೇರೆ. ಎಕ್ಲಿಪ್ಸ್‌ನಲ್ಲಿ ಇನ್‌ಸ್ಟಾಲ್ಡ್ ಜೆಆರ್‌ಇಸ್‌ಗೆ ಸೇರಿಸಿ, ಕಂಪೈಲರ್ ಕಂಪ್ಲಯನ್ಸ್ ಲೆವೆಲ್ ಕೂಡ ಬದಲಿಸಿ. ವಿಎಸ್ ಕೋಡ್‌ನಲ್ಲಿ ಜಾವಾ.ಕಾನ್ಫಿಗರೇಶನ್.ರನ್‌ಟೈಮ್ಸ್ ಅನ್ನುವ ಸೆಟ್ಟಿಂಗ್‌ನಲ್ಲಿ ಮೂರೂ ಜೆಡಿಕೆಗಳ ಜಾಗ ಕೊಟ್ಟರೆ ಪ್ರಾಜೆಕ್ಟ್‌ಗೆ ತಕ್ಕದ್ದನ್ನು ಅದೇ ಆರಿಸುತ್ತದೆ.

## 11. ಎರರ್ ನೋಡಿ ಕಾರಣ ಹಿಡಿಯುವುದು

ಅನ್‌ಸಪೋರ್ಟೆಡ್ ಕ್ಲಾಸ್ ವರ್ಶನ್ ಎರರ್: ಹೊಸ ಜಾವಾದಲ್ಲಿ ಕಂಪೈಲ್ ಆಗಿ ಹಳೆಯದರಲ್ಲಿ ಓಡುತ್ತಿದೆ. ಸಂದೇಶದಲ್ಲಿ 61.0, 52.0 ಅಂತ ಎರಡು ನಂಬರ್ ಇರುತ್ತವೆ. ಪ್ರತಿಯೊಂದರಿಂದ 44 ಕಳೆಯಿರಿ. 61 ಅಂದರೆ 17, 52 ಅಂದರೆ 8, 65 ಅಂದರೆ 21. ಮೊದಲನೆಯದು ಕಂಪೈಲ್ ಮಾಡಿದ್ದು, ಎರಡನೆಯದು ಓಡಿಸುತ್ತಿರುವುದು. ಇಷ್ಟು ಗೊತ್ತಾದರೆ ಯಾವ ಕಡೆ ಬದಲಿಸಬೇಕು ಅಂತ ಯಾರನ್ನೂ ಕೇಳಬೇಕಿಲ್ಲ.

ಇನ್‌ವ್ಯಾಲಿಡ್ ಟಾರ್ಗೆಟ್ ರಿಲೀಸ್ 17, ಅಥವಾ ರಿಲೀಸ್ ವರ್ಶನ್ 17 ನಾಟ್ ಸಪೋರ್ಟೆಡ್: ಇದು ಉಲ್ಟಾ. ಪ್ರಾಜೆಕ್ಟ್ 17 ಕೇಳುತ್ತಿದೆ, ಕಂಪೈಲರ್ ಅದಕ್ಕಿಂತ ಹಳೆಯದು. ಜಾವಾ_ಹೋಮ್ ನೋಡಿ. ಮೇವನ್‌ನ ಪಾಮ್ ಫೈಲ್‌ನಲ್ಲಿ 17 ಇದ್ದದ್ದನ್ನು 8 ಮಾಡಿ ಪಾರಾಗಲು ಹೋಗಬೇಡಿ, ಸ್ಪ್ರಿಂಗ್ ಬೂಟ್ 3 ಆದರೆ ಮುಂದೆ ಮತ್ತೆ ಸಿಕ್ಕಿಬೀಳುತ್ತೀರಿ.

ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಶನ್ 65, ಗ್ರೇಡಲ್‌ನಲ್ಲಿ: ಸಾಮಾನ್ಯವಾಗಿ ಗ್ರೇಡಲ್ ಹಳೆಯದು, ಜಾವಾ ಹೊಸದು. ಪ್ರಾಜೆಕ್ಟ್ ಜೊತೆಗೇ ಇರುವ ಗ್ರೇಡಲ್ ರ‍್ಯಾಪರ್‌ನ ವರ್ಶನ್ ಏರಿಸಿ, ಇಲ್ಲವೇ ಜಾವಾ ಇಳಿಸಿ.

ನೋ ಕಂಪೈಲರ್ ಈಸ್ ಪ್ರೊವೈಡೆಡ್: ಜಾವಾ_ಹೋಮ್ ಜೆಆರ್‌ಇ ಕಡೆ ತೋರಿಸುತ್ತಿದೆ.

ಜಾವಾಎಕ್ಸ್/ಎಕ್ಸ್‌ಎಂಎಲ್/ಬೈಂಡ್ ಸಿಗಲಿಲ್ಲ: ವರ್ಶನ್ ಸರಿಯಾಗೇ ಬದಲಾಗಿದೆ! ಆ ಭಾಗವನ್ನು ಜಾವಾ 11ರಲ್ಲಿ ತೆಗೆದುಹಾಕಿದ್ದಾರೆ. ಡಿಪೆಂಡೆನ್ಸಿಯಾಗಿ ಸೇರಿಸಿ ಅಥವಾ ಆ ಪ್ರಾಜೆಕ್ಟ್‌ಗೆ 8ನ್ನೇ ಇಟ್ಟುಕೊಳ್ಳಿ. 17ರಲ್ಲಿ ಇನ್‌ಆಕ್ಸೆಸಿಬಲ್ ಆಬ್ಜೆಕ್ಟ್ ಎಕ್ಸೆಪ್ಶನ್ ಬಂದರೂ ಹೀಗೇ, ಬಹುತೇಕ ಯಾವುದೋ ಹಳೇ ಲೈಬ್ರರಿ ಜಾವಾದ ಒಳಭಾಗಕ್ಕೆ ಕೈ ಹಾಕುತ್ತಿರುತ್ತದೆ. ಲೈಬ್ರರಿಯ ಹೊಸ ವರ್ಶನ್ ಹುಡುಕಿ, ಪಾತ್‌ನ ಜೊತೆ ಗುದ್ದಾಡಬೇಡಿ.

## 12. ಬೇಡದ್ದನ್ನು ತೆಗೆಯುವ ಕ್ರಮ

ಮೊದಲು ಜಾವಾ_ಹೋಮ್‌ನ್ನು ಉಳಿಯುವ ವರ್ಶನ್‌ಗೆ ತಿರುಗಿಸಿ. ಹೊಸ ಕಿಟಕಿಯಲ್ಲಿ 6ನೇ ಹಂತದ ಪರೀಕ್ಷೆ ಮಾಡಿ. ಎಡಿಟರ್‌ನ ಪ್ರಾಜೆಕ್ಟ್‌ಗಳು ಹಳೆಯದನ್ನು ಹಿಡಿದುಕೊಂಡಿಲ್ಲ ಅಂತ ನೋಡಿ, ಗ್ರೇಡಲ್ ಡೀಮನ್ ನಿಲ್ಲಿಸಿ. ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ, ಜಿಪ್‌ನಿಂದ ಹಾಕಿದ್ದಾದರೆ ಫೋಲ್ಡರ್ ಅಳಿಸಿ. ಫೈಲ್ ಬಳಕೆಯಲ್ಲಿದೆ ಅಂತ ವಿಂಡೋಸ್ ಅಳಿಸಲು ಬಿಡದಿದ್ದರೆ ಅದೇ ಜಾವಾದಲ್ಲಿ ಯಾವುದೋ ಪ್ರೋಗ್ರಾಂ ಇನ್ನೂ ಓಡುತ್ತಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಾವಾ ಹೆಸರಿನ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಒತ್ತಿದರೆ ಅದು ಯಾವ ಜೆಡಿಕೆಯದು ಅಂತ ಗೊತ್ತಾಗುತ್ತದೆ. ಒರಾಕಲ್ ಇನ್‌ಸ್ಟಾಲರ್‌ನಿಂದ ಹಾಕಿದ್ದನ್ನು ತೆಗೆದ ಮೇಲೆ ಪಾತ್‌ನಲ್ಲಿ ಜಾವಾಪಾತ್‌ನ ಸಾಲು ಉಳಿದಿದೆಯಾ ಅಂತ ಇನ್ನೊಮ್ಮೆ ನೋಡಿ, ಇದ್ದರೆ ಅಳಿಸಿ.